ಎಡಗಡೆಯ ಚೆನ್ನೈ

ಬೆಳಗಿನಿಂದ ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಕಬ್ಬಿಣದ ಜಾಲರಿಯಿಂದ ಮಲ್ಲಿಗೆ ಬಳ್ಳಿಯನ್ನು ಬಿಡಿಸುತ್ತಿದ್ದೇನೆ. ಅದು ಹಬ್ಬಲೆಂದು ಎಂಟು ತಿಂಗಳ ಹಿಂದೆ ನಾನೇ ಕುಂಡದಲ್ಲಿ ನಿಲ್ಲಿಸಿದ ಜಾಲರಿ, ಈಗ ನಾನೇ ಕಿತ್ತುಕೊಳ್ಳುತ್ತಿದ್ದೇನೆ. ಎಳೆ ಕುಡಿಯೊಂದು ಮುರಿದಾಗಲೆಲ್ಲ "ತಪ್ಪಾತವ್ವಾ" ಎಂದು ಬಳ್ಳಿಯ ಹತ್ತಿರ ಕ್ಷಮೆ ಕೇಳುತ್ತೇನೆ. ಕೈಗೆ ತುಕ್ಕಿನ ವಾಸನೆ, ಮಲ್ಲಿಗೆಯ ವಾಸನೆ ಎರಡೂ ಹತ್ತಿವೆ. ಬೈಕಿನ ಎಡಮಗ್ಗುಲಿಗೆ, ಹಿಂದಿನ ಚಕ್ರದ ಪಕ್ಕ, ಹೆಂಗಸರ ಸೀರೆ ಸಿಕ್ಕಿಕೊಳ್ಳದಿರಲೆಂದು ಹಾಕಿರುತ್ತಾರಲ್ಲ, ಸೀರೆ ಗಾರ್ಡು, ಅದೇ ಇದು. ಇದು ನಮ್ಮ ಬಾಲ್ಕನಿಗೆ ಹೇಗೆ ಬಂತು, ಇವತ್ತು ಇಲ್ಲಿಂದ ಯಾಕೆ ಹೊರಟಿದೆ ಎಂದು ಹೇಳಬೇಕಾದರೆ, ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಬೈಕು ಕೊಂಡ ಕಥೆಯನ್ನೇ ಹೇಳಬೇಕು.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಧೈರ್ಯದ ಹೆಂಗಸಲ್ಲ. ನನ್ನ ಕೈಚೀಲದಲ್ಲಿ ಉರಿಬಿಸಿಲಿನ ಏಪ್ರಿಲ್‌ನಲ್ಲೂ ಮಳೆಗೆಂದು ಕೊಡೆ ಇರುತ್ತದೆ. ಮನೆಗೆ ಬೀಗ ಹಾಕಿ ಮೂರು ಮೆಟ್ಟಿಲು ಇಳಿದು, ಮತ್ತೆ ಹತ್ತಿ, ಬೀಗ ಜಗ್ಗಿ ನೋಡಿ ಇಳಿಯುವವಳು. ಸಾಲದ್ದಕ್ಕೆ ನನ್ನ ನೌಕರಿ ವಿಮಾ ಕಚೇರಿಯಲ್ಲಿ, ವಾಹನಗಳ ವಿಭಾಗದಲ್ಲಿ. ಇಷ್ಟು ವರ್ಷಗಳಲ್ಲಿ ನನ್ನ ಮೇಜಿಗೆ ಬಂದ ಬೈಕುಗಳೆಲ್ಲ ಬಿದ್ದ ಬೈಕುಗಳೇ. ನೆಟ್ಟಗೆ ನಿಂತ ಬೈಕಿನ ಫೋಟೋ ಯಾವ ಫೈಲಿನಲ್ಲೂ ಕಂಡಿಲ್ಲ.

ಹುಬ್ಬಳ್ಳಿಯಿಂದ ಮದುವೆಯಾಗಿ ಚೆನ್ನೈನ ನುಂಗಂಬಾಕ್ಕಂಗೆ ಬಂದಾಗ ನಮ್ಮವರ ಬಳಿ ಒಂದು ಕಪ್ಪು ಬೈಕಿತ್ತು. ಅದರ ಹಿಂದೆ ನಾನು ಆಗಿನ ಎಲ್ಲ ಹೆಂಗಸರಂತೆ ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು, ಎಡಕ್ಕೆ ಮುಖ ಮಾಡಿ, ಬಲಗೈಯನ್ನು ಇವರ ಹೆಗಲ ಮೇಲಿಟ್ಟು ಕೂತೆ. ಆಮೇಲೆ ಇಪ್ಪತ್ತೈದು ವರ್ಷ ಹಾಗೇ ಕೂತೆ. ಆ ಬೈಕಿಗೆ ಬಲಗನ್ನಡಿ ಮಾತ್ರ ಇತ್ತು. ಎಡಕ್ಕೆ ಹೊರಳುವ ಮುಂಚೆ ಇವರು ಕತ್ತು ತಿರುಗಿಸದೆ ಕೇಳುತ್ತಿದ್ದರು, "ಎಡಕ್ಕ ಏನರ ಬರ್ತದೇನು?"

"ಬಸ್ ಬರಾಕ್ಹತ್ತೇದ, ತಡೀರಿ."

ಎಡಗನ್ನಡಿಯ ಕೆಲಸ ನನ್ನದು. ಸಂಬಳವಿಲ್ಲದ ನೌಕರಿಯಾದರೂ ಒಂದು ದಿನವೂ ರಜೆ ಹಾಕಿದವಳಲ್ಲ. ಗೇರು ಬದಲಾಗುವ ಮುಂಚಿನ ಆ ಸಣ್ಣ ಕುಲುಕು ಇವರ ಕಾಲಿಗಿಂತ ಮೊದಲು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಇವರು ತಡಮಾಡಿದರೆ ಮನಸ್ಸಿನಲ್ಲೇ 'ಈಗ ಮೂರನೇದು ಹಾಕ್ರಿ' ಅನ್ನುತ್ತಿದ್ದೆ.

ಮೂರು ವರ್ಷದ ಹಿಂದೆ ಇವರ ಸೊಂಟದ ಡಿಸ್ಕು ಜಾರಿತು. ಬೈಕು ಮುಟ್ಟಕೂಡದೆಂದು ಡಾಕ್ಟರು ಹೇಳಿದರು. ಕಪ್ಪು ಬೈಕು ಯಾರದೋ ಮನೆಗೆ ಹೋಯಿತು. ಅದರ ಜೊತೆಗೇ ಭಾನುವಾರ ನಾವಿಬ್ಬರೂ ಬೆಸೆಂಟ್ ನಗರದ ಸಮುದ್ರತೀರಕ್ಕೆ ಹೋಗುತ್ತಿದ್ದದ್ದೂ, ತಿಂಗಳಿಗೊಮ್ಮೆ ಮಗನ ಹಿಂದೆ ಕೂತು ಸಮುದ್ರ ನೋಡಿ ಬರುತ್ತಿದ್ದ ನಮ್ಮ ಅತ್ತೆಯ ತಿರುಗಾಟವೂ ನಿಂತವು.

ಹೀಗಿರುವಾಗ ಒಂದು ದಿನ ಕಚೇರಿಯ ಗುರುತಿನ ಚೀಟಿಗೆ ಫೋಟೋ ಬೇಕಾಯಿತು. ಸಮುದ್ರದಿಂದ ಬರುವಾಗ ಕಾಣುತ್ತಿದ್ದ ಹಳೆಯ ಸ್ಟುಡಿಯೋ ನೆನಪಾಯಿತು. ನಡೆದೇ ಹೊರಟೆ. ಎಷ್ಟು ನಡೆದರೂ ಆ ರಸ್ತೆ ಸಿಗಲೊಲ್ಲದು. ಸಿಕ್ಕಿದ್ದು ಹಿತ್ತಾಳೆ ಪಾತ್ರೆ ಅಂಗಡಿಯ ರಸ್ತೆ. ಅದೂ ನನಗೆ ಪರಿಚಯದ್ದೇ, ಸಮುದ್ರಕ್ಕೆ ಹೋಗುವಾಗ ಕಾಣುತ್ತಿದ್ದದ್ದು. ಅಂಗಡಿಯ ಯಜಮಾನರನ್ನು ಸ್ಟುಡಿಯೋ ಎಲ್ಲಿ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಚೊಂಬನ್ನು ಒರೆಸುವುದು ನಿಲ್ಲಿಸಿ ನನ್ನನ್ನೇ ನೋಡಿದರು.

"ಅಮ್ಮಾ, ತಿರುಂಬಿ ಪಾರುಂಗ."

ತಿರುಗಿ ನೋಡಿದೆ. ನೇರ ಎದುರಿಗೆ, ಹತ್ತು ಹೆಜ್ಜೆ ಆಚೆಗೆ, ಸ್ಟುಡಿಯೋ.

ನೀವು ನಗಬಹುದು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಹೋಗುವಾಗ ಎಡಕ್ಕೆ ಪಾತ್ರೆ ಅಂಗಡಿ, ಬರುವಾಗ ಎಡಕ್ಕೆ ಸ್ಟುಡಿಯೋ. ಕಾಲು ಶತಮಾನ ಒಂದು ರಸ್ತೆಯನ್ನು ಎರಡು ರಸ್ತೆ ಎಂದುಕೊಂಡಿದ್ದೆ. ಎದುರಿಗೆ ಏನು ಬರುತ್ತಿದೆ ಎಂದು ಒಮ್ಮೆಯೂ ನೋಡಿದವಳಲ್ಲ. ಎದುರಿಗಿದ್ದದ್ದು ಇವರ ಅಂಗಿಯ ಬೆನ್ನು. ಅಂಗಿಗಳ ಬಣ್ಣ ಬೇಕಾದರೆ ಈಗಲೂ ಹೇಳುತ್ತೇನೆ, ರಸ್ತೆಗಳ ಹೆಸರು ಕೇಳಬೇಡಿ. ನನ್ನ ಮಂಡಿ ಪೂರ್ತಿ ಕೈಕೊಡುವ ಮುಂಚೆ, ಒಮ್ಮೆಯಾದರೂ ಆ ಇಡೀ ರಸ್ತೆಯನ್ನು ಮುಂದಿನ ಸೀಟಿನಿಂದ ನೋಡಬೇಕು. ಅದೊಂದು ನನ್ನಿಂದಾಗದಿದ್ದರೆ ಈ ಊರಲ್ಲಿ ನಾನು ಅರ್ಧ ಮಾತ್ರ ಇದ್ದ ಹಾಗೆ.

ಸಂಜೆ ಚಹಾಕ್ಕೆ ಕೂತಾಗ ಹೇಳಿದೆ, "ನಾ ಬೈಕ್ ತಗೋತೀನಿ. ಗೇರಿಂದು."

ಅತ್ತೆ ಬಸಿಯನ್ನು ಕೆಳಗಿಟ್ಟರು. "ಈ ವಯಸ್ಸಿನ್ಯಾಗ ಬಿದ್ದ ಹಲ್ಲು ಮತ್ತ ಹುಟ್ಟೂದಿಲ್ಲ, ತಿಳೀತೇನು?"

"ಸ್ಕೂಟರ್ ತಗೋ," ಎಂದರು ಇವರು. "ಗೇರಿಲ್ಲ, ಕ್ಲಚ್ಚಿಲ್ಲ, ಚಿಂತಿ ಇಲ್ಲ."

"ಚಿಂತಿ ಇಲ್ಲದ ಗಾಡಿ ನನಗ ಹೆಂಗ ಒಗ್ಗತದರಿ? ಇಷ್ಟು ವರ್ಷ ನಿಮ್ಮ ಹಿಂದ ಕೂತು ಮನಸಿನ್ಯಾಗ ಗೇರ್ ಹಾಕೇನಿ. ಒಮ್ಮೆ ಕಾಲಿಲೆ ಹಾಕ್ತೀನಿ."

ಇವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಮರೆತರು. ಅದು ಕರಗಿ ತಳ ಸೇರಿತು.

ಮೂರು ಶನಿವಾರ ಅಂಗಡಿ ಸುತ್ತಿದೆವು. ಮೊದಲನೆಯದು ಇವರಿಗೆ ಇಷ್ಟವಾದ ಭಾರೀ ಗಾಡಿ. ಅದರ ಪಕ್ಕ ನಿಂತರೆ ಎಮ್ಮೆಯ ಪಕ್ಕ ನಿಂತ ಹಾಗಾಯಿತು, ಅದೂ ನನ್ನ ಮೇಲೆ ಮಲಗಲು ಮನಸ್ಸು ಮಾಡಿದ ಎಮ್ಮೆ. ಎರಡನೆಯದರ ಸೀಟು ಎಷ್ಟು ಎತ್ತರವೆಂದರೆ ಹತ್ತಿ ಕೂತ ಮೇಲೆ ನನ್ನ ಕಾಲಿಗೂ ನೆಲಕ್ಕೂ ಸಂಬಂಧ ಕಡಿದುಹೋಯಿತು. ಮಾರುವವರಿಗೆ ನಾನು ಎಲ್ಲೆಡೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇದು ಬಿದ್ದರೆ ಮೊದಲು ಏನು ಮುರಿಯುತ್ತದೆ? ಒಬ್ಬರು ಕೈಮುಗಿದೇಬಿಟ್ಟರು. "ಮೇಡಂ, ಮೈಲೇಜ್ ಕೇಳುಂಗ ಮೇಡಂ!"

ಮೂರನೆಯ ಶನಿವಾರ ಮೂಲೆಯಲ್ಲಿ ಒಂದು ಸಾದಾ ಗಾಡಿ ನಿಂತಿತ್ತು. ಹಾಲು ಹಾಕುವವರು, ಕೊರಿಯರಿನವರು ಓಡಿಸುವಂಥದ್ದು. ಕಪ್ಪು ಮೈ, ತೆಳ್ಳಗಿನ ಕೆಂಪು ಗೆರೆ. "ಉಕ್ಕಾರಿ ಪಾರುಂಗ ಮೇಡಂ," ಕೂತು ನೋಡಿ ಎಂದರು ಅಂಗಡಿಯವರು. ಇದಕ್ಕೆಂದೇ ಚೂಡಿದಾರ್ ಹಾಕಿಕೊಂಡು ಹೋಗಿದ್ದೆ. ದುಪಟ್ಟಾಕ್ಕೆ ನಾಲ್ಕು ಪಿನ್ನು ಚುಚ್ಚಿದ್ದೆ. ಹೋದೆ, ಹಿಡಿಕೆ ಹಿಡಿದೆ, ಕೂತೆ. ಅಂಗಡಿಯವರು ನನ್ನ ಕಾಲುಗಳನ್ನೇ ನೋಡುತ್ತಿದ್ದರು. ಯಾಕೆಂದು ನೋಡಿಕೊಂಡರೆ, ಓಡಿಸುವವರ ಸೀಟಿನ ಮೇಲೆ, ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು, ಪಕ್ಕಕ್ಕೆ ಮುಖ ಮಾಡಿ ಕೂತಿದ್ದೇನೆ.

ಇಷ್ಟೆಲ್ಲ ಹಟ ಮಾಡಿ ಬಂದವಳ ಮೈಗೆ ಬೈಕಿನ ಮೇಲೆ ಕೂರುವುದೆಂದರೆ ಇದೊಂದೇ ಗೊತ್ತು. ಕಣ್ಣು ಮಂಜಾಯಿತು. ಇಳಿದು ಆಟೋ ಹಿಡಿಯೋಣ ಅನ್ನಿಸಿತು. ಇವರು ನಗುತ್ತಾರೆಂದು ಕಾದೆ. ನಗಲಿಲ್ಲ. ಹತ್ತಿರ ಬಂದು ಗಾಡಿಯನ್ನು ಹಿಡಿದುಕೊಂಡು ಮೆಲ್ಲಗೆ ಹೇಳಿದರು, "ಬಲಗಾಲು ಎತ್ತಿ ಆ ಕಡಿ ಹಾಕು. ನಾ ಹಿಡದೇನಿ."

ಹಾಕಿದೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. "ಇದೇ," ಎಂದೆ. ಬಣ್ಣ ಬೇರೆ ಇದೆಯೇ ಎಂದೂ ಕೇಳಲಿಲ್ಲ. ಆ ಗೆಲುವಿನ ಸೊಕ್ಕಿನಲ್ಲೇ ಸೀರೆ ಗಾರ್ಡನ್ನು ಬಿಚ್ಚಿಸಿದೆ. "ಈ ಗಾಡಿ ಮ್ಯಾಲೆ ಇನ್ನ ಯಾರೂ ಪಕ್ಕಕ್ಕ ಕೂಡಂಗಿಲ್ಲ." ಎಸೆಯಲು ಮನಸ್ಸಾಗದೆ ಪೇಪರಿನಲ್ಲಿ ಸುತ್ತಿ ಮನೆಗೆ ತಂದು ಮಲ್ಲಿಗೆ ಕುಂಡದಲ್ಲಿ ನಿಲ್ಲಿಸಿದೆ.

ಕಲಿತದ್ದು ಮನೆ ಹತ್ತಿರದ ಮೈದಾನದಲ್ಲಿ. ಬೆನ್ನಿನ ನೋವಿಗೆ ಇವರು ಓಡುವಂತಿಲ್ಲ, ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತು ಕೂಗುತ್ತಿದ್ದರು. ಹೊರಟ ಕೂಡಲೇ ನನ್ನ ಕತ್ತು ತಾನಾಗಿ ಎಡಕ್ಕೆ ತಿರುಗುತ್ತಿತ್ತು. ಕತ್ತು ಹೋದಲ್ಲಿಗೆ ಗಾಡಿಯೂ ಹೋಗುತ್ತಿತ್ತು. "ಎಡಕ್ಕೇನದ ಅಂತ ನೋಡ್ತಿ? ಮುಂದ ನೋಡು, ಮುಂದ!" ಎರಡು ಸಲ ಬಿದ್ದೆ. ಮೊದಲು ಮುರಿಯುವುದು ಕ್ಲಚ್ಚಿನ ಹಿಡಿಕೆ ಎಂಬುದು ಗೊತ್ತಾಯಿತು. ಲೈಸೆನ್ಸಿನ ಪರೀಕ್ಷೆಯಲ್ಲಿ ಗಾಡಿ ಓಡಿಸಿ ನೆಲದ ಮೇಲೆ ಎಂಟು ಬರೆಯಬೇಕು. ಮೊದಲ ಸಲ ನನ್ನದು ಆರಕ್ಕೇ ನಿಂತಿತು, ಕಾಲೂರಿಬಿಟ್ಟೆ. ಎರಡನೆಯ ಸಲ ಎಂಟು ಎಂಟಾಯಿತು.

ಮರುದಿನ ಬೆಳಿಗ್ಗೆ ಒಬ್ಬಳೇ ಆ ರಸ್ತೆಗೆ ಹೋದೆ. ಪಕ್ಕಕ್ಕೆ ಕೂತವಳಿಗೆ ರಸ್ತೆ ಸರಿದು ಹೋಗುವಂಥದ್ದು, ಈಗ ಅದು ನನ್ನ ಕಡೆಗೇ ಬರುತ್ತಿತ್ತು. ಎಡಕ್ಕೆ ಹಿತ್ತಾಳೆ ಚೊಂಬುಗಳು, ಬಲಕ್ಕೆ ಸ್ಟುಡಿಯೋದ ಬೋರ್ಡು, ಎರಡೂ ಒಂದೇ ಸಲ ಬಂದವು. ಮೂರನೇ ಗೇರಿನಲ್ಲಿದ್ದೆ. ಕಾಲಿಲೆ ಹಾಕಿದ ಮೂರನೇದು.

ಇದೆಲ್ಲ ಆಗಿ ಈಗ ಕೆಲವು ತಿಂಗಳು. ನಿನ್ನೆ ಮಧ್ಯಾಹ್ನ ಅತ್ತೆ ಹೂ ಕಟ್ಟುತ್ತಾ, ನನ್ನ ಕಡೆ ನೋಡದೆ ಕೇಳಿದರು, "ನಿನ್ನ ಗಾಡಿ ಸಮುದ್ರದ ತನಕ ಹೋಗತದೇನು?"

"ಹೋಗತದರಿ. ಆದರ ಪಕ್ಕಕ್ಕ ಕೂಡೂ ಹಂಗಿಲ್ಲ, ಸೀರಿ ಸಿಗತದ."

"ಎಪ್ಪತ್ತಾರು ವರ್ಷದಾಕಿ ಕಾಲು ಆ ಕಡಿ ಹಾಕ್ಲೇನು? ನಿನ್ನ ಮಲ್ಲಿಗಿ ಬಳ್ಳಿ ಬೇಕಾದರ ಗೋಡಿಗೆ ಹಬ್ಬತದ."

ಎಲ್ಲವನ್ನೂ ನೋಡಿಟ್ಟುಕೊಂಡೇ ಕೇಳಿದ್ದರು.

ಕೊನೆಯ ಕುಡಿಯೂ ಬಿಟ್ಟಿತು. ಗಾರ್ಡನ್ನು ಮತ್ತೆ ಗಾಡಿಗೆ ಕೂರಿಸಲು ಬೀದಿಯ ಕೊನೆಯ ಮೆಕ್ಯಾನಿಕ್ಕು ನಟ್ಟು ಬೋಲ್ಟು ಇಟ್ಟುಕೊಂಡು ಕಾಯುತ್ತಿದ್ದಾರೆ. ನನ್ನ ಚಿಂತೆಗಳು ಆಗಲೇ ಸಾಲಾಗಿ ನಿಂತಿವೆ: ನೀರಿನ ಲಾರಿ, ತಿರುವಿನ ಗುಂಡಿ, ಅತ್ತೆಯ ಮಂಡಿ. ಅವೂ ಬರಲಿ, ಜಾಗ ಮಾಡಿಕೊಡೋಣ. ಒಳಗೆ ಇಣುಕಿದರೆ ಅತ್ತೆ ಇಳಕಲ್ ಸೀರೆಯುಟ್ಟು ತಯಾರು. ಹೆಲ್ಮೆಟ್ಟು ತುರುಬಿನ ಮೇಲೆ ಕೂರುವುದಿಲ್ಲವೆಂದು, ನಾನು ಕಂಡಾಗಿನಿಂದ ಬಿಚ್ಚದ ತುರುಬನ್ನು ಬಿಚ್ಚಿ, ಸಣ್ಣ ಬಿಳಿ ಜಡೆ ಹೆಣೆದುಕೊಂಡಿದ್ದಾರೆ.

"ಅತ್ತಿ, ಹೆದರಿಕಿ ಆಗೂದಿಲ್ಲಲಾ?" ಎಂದೆ. ಕೇಳಿದ್ದು ಅವರನ್ನೋ ನನ್ನನ್ನೋ.

ಅವರು ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಟಕ್ಕೆಂದು ಹಾಕಿದರು.

"ಎಡಕ್ಕೇನು ಬರ್ತದ ಅಂತ ನಾ ಹೇಳ್ತೀನಿ. ನೀ ಮುಂದ ನೋಡು."