ಲಿಫ್ಟ್ ಹತ್ತದ ಪ್ಯೋ ತಾತ

ಡೇಗು ನಗರದ ನಮ್ಮ ಹದಿನೈದು ಮಹಡಿಯ ಕಟ್ಟಡದಲ್ಲಿ ಪ್ಯೋ ತಾತನನ್ನು ನಂಬುವವರು ಯಾರೂ ಇಲ್ಲ. ಅನುಮಾನ ಪಡುವುದರಲ್ಲಿ ನಾನು ಎಲ್ಲರಿಗಿಂತ ಒಂದು ಕೈ ಮೇಲೆ. ಎಪ್ಪತ್ತಾರರ ಮುದುಕ ದಿನಾ ಬೆಳಿಗ್ಗೆ ಚಪ್ಪಾಳೆ ತಟ್ಟುತ್ತಾ ಅಷ್ಟೂ ಮಹಡಿಯ ಮೆಟ್ಟಿಲು ಹತ್ತುತ್ತಾನೆ. ಕೇಳಿದರೆ, "ಮಂಡಿಗೆ ಒಳ್ಳೇದು, ಕರೆಂಟೂ ಉಳಿಯುತ್ತೆ" ಅನ್ನುತ್ತಾನೆ. ಮಂಡಿಗಾಗಿ ಹತ್ತುವವನು ಪ್ರತಿ ಬಾಗಿಲ ಮುಂದೆ ನಿಂತು ದಿಟ್ಟಿಸುವುದೇಕೆ? ಕೋಳಿ ಅಂಗಡಿಯವರು ಬಾಗಿಲಿಗೆ ಅಂಟಿಸಿದ ಜಾಹೀರಾತು ಚೀಟಿ ಮಾರನೆಯ ದಿನವೂ ಅಲ್ಲೇ ಇದ್ದರೆ ಮುಗಿಯಿತು, ಕರೆಗಂಟೆಯ ಮೇಲಿಟ್ಟ ಬೆರಳು ತೆಗೆಯುವುದಿಲ್ಲ. "ಏನಮ್ಮಾ, ಚೀಟಿ ಹಿಂದುಗಡೆ ಖಾಲಿ ಇದೆ, ಕೊಡು, ತರಕಾರಿ ಪಟ್ಟಿ ಬರ್ಕೋತೀನಿ." "ಬೇಕಿದ್ರೆ ಕಿತ್ಕೊಂಡು ಹೋಗಿ ತಾತ!" "ಊಹೂಂ, ನೀನೇ ಕೈಯಾರೆ ಕಿತ್ತು ಕೊಡು." ಕೊಡುವಷ್ಟರಲ್ಲಿ ಕಣ್ಣು ಮನೆಯೊಳಗೆ: "ಹಗಲಲ್ಲೂ ದೀಪ ಯಾಕೆ? ಅಕ್ಕಿ ತೊಳೆದ ನೀರು ಚೆಲ್ಲಿಬಿಟ್ಯಾ? ಮುಖ ಯಾಕೆ ಬಾಡಿದೆ?" ಬೇಹುಗಾರಿಕೆಗೆ ಪರಿಸರದ ನೆಪ ಎಂದೇ ನಾನು ತಿಳಿದಿದ್ದೆ. ಮೊನ್ನೆ ಮೂರು ದಿನ ತಂಗಿಯ ಊರಿಗೆ ಹೋಗಿ ಬಂದರೆ ನನ್ನ ಬಾಗಿಲಲ್ಲಿ ತಾತ, ಕಟ್ಟಡದ ಕಾವಲುಗಾರ ಬಾಂಗ್, ಜೊತೆಗೆ ಬೀಗ ಒಡೆಯುವವನು! "ಕಳ್ಳತನಕ್ಕೂ ಇಳಿದ್ರಾ?" ಎಂದು ಕೂಗಿದೆ. "ಹೇಳಿ ಹೋಗೋಕೆ ಏನ್ ಧಾಡಿ ನಿನಗೆ?" ಎಂದು ನನಗಿಂತ ಜೋರಾಗಿ ಕೂಗಿದ ತಾತ, ನನ್ನ ಕೈಯಿಂದಲೇ ಚೀಟಿ ಕೀಳಿಸಿಕೊಂಡು ಮೆಟ್ಟಿಲಿಳಿದು ಹೋದ. ಬಾಂಗ್ ದನಿ ತಗ್ಗಿಸಿದ: "ಆರನೇ ಮಹಡೀಲಿ ಅವರಣ್ಣ ಒಬ್ರೇ ಇದ್ರು. ತೀರಿಕೊಂಡಿದ್ದು ಗೊತ್ತಾಗೋ ಹೊತ್ತಿಗೆ ಬಾಗಿಲಲ್ಲಿ ಒಂದರ ಮೇಲೊಂದು ಒಂಬತ್ತು ಚೀಟಿ ಇದ್ವು. ಆಗ ತಾತನೂ ನಮ್ಮ ಹಾಗೇ ಲಿಫ್ಟಲ್ಲೇ ಓಡಾಡ್ತಿದ್ರು."