ಎರಡು ಚೀಟಿಗಳ ನಡುವಿನ ದಾರಿ

ಡಿಸೆಂಬರಿನ ಒಂದು ಮಂಗಳವಾರ ಊಟ ಮುಗಿಸಿ, ಎರಡು ಗಂಟೆಗೆ ಅತ್ತೆಯೂ ನಾನೂ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೊರಟೆವು. ಎರಡು ಸಾವಿರದ ಮೂರನೆಯ ಇಸವಿಯೋ ನಾಲ್ಕೋ ಇರಬೇಕು. ದೂರ ಹೆಚ್ಚೆಂದರೆ ಎಂಟು ಕಿಲೋಮೀಟರು. ಆದರೂ ಅತ್ತೆಗೆ ಅದು ಪರವೂರು. ನೀರಿನ ಬಾಟಲಿ, ಡಬ್ಬಿಯಲ್ಲಿ ಕೋಡುಬಳೆ, ಕರವಸ್ತ್ರದ ಗಂಟಿನಲ್ಲಿ ಏಲಕ್ಕಿ ಎಲ್ಲವೂ ಚೀಲ ಸೇರಿದ್ದವು.

ಹಿಂದಿನ ವಾರ ದೇವರಮನೆಯಲ್ಲಿ ಮಣೆಯಿಂದ ಏಳುವಾಗ ಕಣ್ಣು ಕತ್ತಲೆ ಬಂದು ಅವರು ಬಿದ್ದಿದ್ದರು. ಆ ತಿಂಗಳಲ್ಲಿ ಅದು ಮೂರನೆಯ ಸಲ. ಆದರೂ ಬಸ್ ಹತ್ತುವಾಗ ನಾನು ಚಾಚಿದ ಕೈಯನ್ನು ಸರಿಸಿದರು. "ನಾನೇನು ಮುದುಕೀನಾ? ನೀನು ಹತ್ತು ಮೊದ್ಲು."

ಅತ್ತೆಗೆ ಇಬ್ಬರು ಡಾಕ್ಟರು. ಚಾಮರಾಜಪೇಟೆಯವರು ಮೂವತ್ತು ವರ್ಷದಿಂದ ಮನೆಯವರ ಹಾಗೆ. ನನ್ನ ಯಜಮಾನರ ದಡಾರಕ್ಕೂ ಅವರೇ ಔಷಧ ಕೊಟ್ಟವರು. ಮಲ್ಲೇಶ್ವರದ ಹೃದಯದ ಡಾಕ್ಟರ ಹತ್ತಿರ ಎರಡು ವರ್ಷದಿಂದ, ಮಗನ ಬಲವಂತಕ್ಕೆ. ಒಬ್ಬರ ಮುಂದೆ ಇನ್ನೊಬ್ಬರ ಹೆಸರೆತ್ತಬಾರದೆಂದು ಅತ್ತೆಯ ಕಟ್ಟಪ್ಪಣೆ. "ನನ್ನ ಕೈಗುಣ ಸಾಲಲಿಲ್ವಾ ಅಂತ ನೊಂದ್ಕೋತಾರೆ ಕಣೇ" ಎನ್ನುತ್ತಿದ್ದರು. ನಾನೂ ಹೂಂ ಎಂದು ಸುಮ್ಮನಿದ್ದವಳೇ. ಅಂದು ಮಾತ್ರ, ಅವರು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದ ಚಾಮರಾಜಪೇಟೆಯ ಮಾತ್ರೆಯ ಹಾಳೆಯೊಂದನ್ನು ನನ್ನ ಪರ್ಸಿಗೆ ಹಾಕಿಕೊಂಡಿದ್ದೆ.

ಮೆಜೆಸ್ಟಿಕ್ಕಿನಲ್ಲಿ ಬಸ್ ಬದಲಿಸಿದೆವು. ಪಕ್ಕದಲ್ಲಿ ಕೂತಾಕೆಯ ಮಡಿಲಲ್ಲಿ ಸೊಗಡು ಅವರೆಕಾಯಿ. ಬಸ್ಸೆಲ್ಲ ಅದೇ ಘಮ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಅತ್ತೆ ಸೆರಗನ್ನು ಕಿವಿಯವರೆಗೆ ಎಳೆದುಕೊಂಡರು.

ಕ್ಲಿನಿಕ್ಕಿನಲ್ಲಿ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಡಾಕ್ಟರ ಮೇಜಿನ ಪಕ್ಕ ಚೂಡಿದಾರದ ಹುಡುಗಿ, ಹೆಸರು ಶ್ವೇತಾ. ಆ ಪ್ರೋಗ್ರಾಮ್ ಮಾಡಿದ ಕಂಪನಿಯವಳಂತೆ. ಕಂಪನಿಯೆಂದರೆ ಹೂವಿನಂಗಡಿ ಮೇಲಿನ ಒಂದು ಕೋಣೆ, ನಾಲ್ಕು ಜನ.

"ಮಾತ್ರೆ ಹೆಸರು ಹಾಕಿದ್ರೆ ಒಂದಕ್ಕೊಂದು ಆಗಿಬರತ್ತೋ ಇಲ್ವೋ ಇದು ಹೇಳತ್ತೆ ಆಂಟಿ. ಈ ವರ್ಷ ಹತ್ತು ಕ್ಲಿನಿಕ್ ಆಗ್ಬೇಕು ಅಂದ್ಕೊಂಡಿದ್ವಿ, ಮೂರೇ ಆಗಿರೋದು. ಟೈಪ್ ಮಾಡೋಕೆ ಟೈಮೆಲ್ಲಿದೆ ಅಂತಾರೆ ಡಾಕ್ಟರುಗಳು!"

"ನನ್ನನ್ನೇ ಬೈತಿದಾಳೆ ನೋಡಿ" ಎಂದು ಡಾಕ್ಟರು ನಕ್ಕರು. ಆಮೇಲೆ ಅತ್ತೆಯ ಕಡೆ ತಿರುಗಿ, "ಬೇರೆ ಏನಾದ್ರೂ ಮಾತ್ರೆ ತಗೋತೀರಾಮ್ಮ?" ಎಂದು ಕೇಳಿದರು.

"ಇಲ್ಲಪ್ಪ, ಎಲ್ಲ ನಿಮ್ಮದೇ."

ಶ್ವೇತಾ ಒತ್ತಿದಳು. ಪರದೆಯ ಮೇಲೆ ಹಸಿರು ಗುರುತು ಬಂತು, ಎಲ್ಲ ಸರಿಯಿದೆಯೆಂದು. ಹೇಳದೇ ಇದ್ದದ್ದು ಆ ಪೆಟ್ಟಿಗೆಗೆ ತಾನೇ ಹೇಗೆ ಗೊತ್ತಾಗಬೇಕು! ಡಾಕ್ಟರು ಮುಂದಿನ ತಿಂಗಳಿಗೆ ಅದೇ ಚೀಟಿ ಬರೆಯಲು ಪೆನ್ನು ತೆಗೆದರು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಅಭ್ಯಾಸ, ಮಾತಿಗೆ ಮುಂಚೆ ನನ್ನ ಕೈ ಅರ್ಧ ಮೇಲೆದ್ದಿತು.

"ಡಾಕ್ಟ್ರೇ, ಇದೂ ಒಂದಿದೆ." ಪರ್ಸಿನಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟೆ. ಅತ್ತೆ ನನ್ನತ್ತ ನೋಡಲಿಲ್ಲ. ಬಳೆ ತಿರುಗಿಸುತ್ತಾ ಕೂತರು.

ಶ್ವೇತಾ ಆ ಹೆಸರು ಸೇರಿಸಿದಳು. ಕೆಂಪು ಗೆರೆ ಬಂತು. ಡಾಕ್ಟರು ಹಾಳೆಯ ಹಿಂಬದಿ ಓದಿ ಪೆನ್ನು ಕೆಳಗಿಟ್ಟರು. "ಹೆಸರು ಬೇರೆ, ಒಳಗಿರೋ ಔಷಧಿ ಒಂದೇ. ಎರಡರಷ್ಟು ನುಂಗ್ತಿದೀರಮ್ಮ. ಬಿಪಿ ಇಳಿದು ಬೀಳ್ದೆ ಇನ್ನೇನಾಗತ್ತೆ? ಇದೊಂದು ಇವತ್ತಿಂದ ಬೇಡ." ಯಾರು ಕೊಟ್ಟದ್ದೆಂದು ನನ್ನಿಂದ ತಿಳಿದುಕೊಂಡು, ಶ್ವೇತಾಳ ಕಂಪ್ಯೂಟರ್ ತೋರಿಸಿದ್ದನ್ನೂ ಸೇರಿಸಿ, ಚಾಮರಾಜಪೇಟೆಯವರಿಗೆ ಪತ್ರ ಬರೆದು ಲಕೋಟೆಯಲ್ಲಿಟ್ಟು ಕೊಟ್ಟರು.

ಹೊರಗೆ ಹೋಟೆಲಿನಲ್ಲಿ ಒಂದನ್ನೇ ಎರಡು ಲೋಟಕ್ಕೆ ಹಂಚಿದ ಬೈಟು ಕಾಫಿ ತರಿಸಿದೆ. ಅತ್ತೆ ತಮ್ಮ ಲೋಟ ಮುಟ್ಟಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಚಾಮರಾಜಪೇಟೆ ಹತ್ತಿರ ಬರುತ್ತಿದ್ದಂತೆ ಅವರೇ, "ಇಳಿಯೋಣ. ಎಂದಿದ್ರೂ ಗೊತ್ತಾಗೋದೇ" ಎಂದರು.

ಹಳೆಯ ಡಾಕ್ಟರು ಆಗಷ್ಟೇ ಬಾಗಿಲು ತೆರೆದಿದ್ದರು. ಪತ್ರ ಓದುವಷ್ಟು ಹೊತ್ತೂ ಅತ್ತೆ ಪರೀಕ್ಷೆಯಲ್ಲಿ ನಪಾಸಾದ ಮಗುವಿನ ಹಾಗೆ ನಿಂತಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಎರಡು ವರ್ಷದಿಂದಾನಾ?"

"ನಿಮ್ಮ ಕೈಗುಣಕ್ಕೆ ಕಡಿಮೆ ಅಂತಲ್ಲ ಡಾಕ್ಟ್ರೇ..."

"ನೀವು ತಲೆತಿರುಗತ್ತೆ ಅಂದಾಗ್ಲೆಲ್ಲ ಟಾನಿಕ್ ಬರೀತಿದ್ನಲ್ರೀ! ನೀವು ಬಿದ್ದು ಸೊಂಟ ಮುರ್ಕೊಂಡಿದ್ರೆ ನಾನು ನೊಂದ್ಕೋತಿದ್ದೆ, ಇದಕ್ಕಲ್ಲ." ತಮ್ಮಲ್ಲಿದ್ದ ಚೀಟಿಯ ಪ್ರತಿಯಲ್ಲಿ ಆ ಮಾತ್ರೆಯ ಸಾಲನ್ನು ತಾವೇ ಹೊಡೆದು ಹಾಕಿದರು. ಆಮೇಲೆ ನನ್ನತ್ತ ತಿರುಗಿ, "ಆ ಕಂಪ್ಯೂಟರ್ ಹುಡುಗೀಗೆ ಒಂದ್ಸಲ ಬರೋಕ್ಹೇಳಮ್ಮ. ಅದ್ರ ಜೊತೆ ಹೇಗೆ ಮಾತಾಡೋದು ಅಂತ ನಾನೂ ಕಲೀತೀನಿ" ಎಂದರು. ಮೇಜಿನ ಮೇಲಿನ ಹಳೆಯ ಡೈರಿಗಳನ್ನು ಒಂದು ಪಕ್ಕಕ್ಕೆ ಸರಿಸಿಯೂ ಬಿಟ್ಟರು.

ಹೊರಗೆ ಬೀದಿದೀಪ ಹತ್ತಿತ್ತು. ಆ ಕ್ಲಿನಿಕ್ಕಿಗೆ ಮೂರು ಕಲ್ಲುಮೆಟ್ಟಿಲು, ನಡುವೆ ಸವೆದವು. ಅತ್ತೆ ಮೇಲಿನ ಮೆಟ್ಟಿಲಲ್ಲಿ ನಿಂತು ಒಮ್ಮೆ ಒಳಗೆ ತಿರುಗಿ ನೋಡಿದರು. ಆಮೇಲೆ ಕೈ ಚಾಚಿದರು.

"ಹಿಡ್ಕೊ. ಮನೇಲಿ ಹೇಳ್ಬೇಡ."

ಬಸ್ ಸ್ಟಾಪಿನವರೆಗೆ ಅವರು ಆ ಕೈ ಬಿಡಲಿಲ್ಲ. ಮನೆಯಲ್ಲಿ ನಾನೂ ಹೇಳಲಿಲ್ಲ.