ತವರಿನ ಬಾಗಿನ ಯಾರದು?

ತೊಂಬತ್ತರ ದಶಕದ ಕೊನೆ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ನನ್ನದು ಬಿ ಗ್ರೂಪ್ ಅಂತ ಗೊತ್ತಾಯಿತು. ಅಪ್ಪ ಅಮ್ಮ ಇಬ್ಬರದೂ ಓ. ಹಾಗಾಗಲು ಸಾಧ್ಯವೇ ಇಲ್ಲ, ಹೆರಿಗೆಯಾದ ಕಡೆ ಮಗು ಅದಲುಬದಲಾಗಿರಬೇಕು ಎಂದರು ಬನಶಂಕರಿಯ ನಮ್ಮ ಡಾಕ್ಟರು. ಅಮ್ಮ ಮನೆಗೆ ಬಂದವಳೇ ಎಂದಿನಂತೆ ನನ್ನ ತಲೆಗೆ ಎಣ್ಣೆ ಹಚ್ಚಿ, "ಏನೇ ಇದು ಕೂದಲು, ಪೊರಕೆ ಆಗಿದೆ" ಎಂದು ಬೈದಳು. ನನಗೆ ಅಷ್ಟು ಸಾಕಿತ್ತು.

ಸಾಕಾಗದೆ ಹೋದದ್ದು ಅಪ್ಪನ ಅಕ್ಕನಿಗೆ, ನನ್ನ ಸೋದರತ್ತೆಗೆ. ಮಹಾತಾಯಿ! ವಾರಗಟ್ಟಲೆ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿ, "ನನ್ನ ತಮ್ಮನ ರಕ್ತ ಯಾರದೋ ಮನೇಲಿ ಬೆಳೀತಿದೆಯಲ್ಲಾ" ಎಂದು ಅಳುತ್ತಿದ್ದರು. ನಾನು ಎದುರಿಗೇ ಕೂತು ಉಣ್ಣುತ್ತಿದ್ದರೂ ಲೆಕ್ಕಕ್ಕಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಲವು ವರ್ಷ ಕಳೆದು ನನ್ನ ಮದುವೆಯಾಯಿತು. ಮೊದಲ ಗೌರಿ ಹಬ್ಬಕ್ಕೆ ತವರಿನ ಬಾಗಿನ ಪಡೆಯಲು ಅರೆಕೆರೆಯಿಂದ ಆಟೋದಲ್ಲಿ ಬಂದಿಳಿದೆ. ಹಾಲ್‌ನಲ್ಲಿ ಸೋದರತ್ತೆಯ ಪಕ್ಕ ಒಬ್ಬಳು ಕೂತಿದ್ದಳು. ನನ್ನದೇ ವಯಸ್ಸು, ಕೊರಳಲ್ಲಿ ತಾಳಿ. ಮೂಗು ಥೇಟ್ ಅಮ್ಮನದು. ನಾನು ಹುಟ್ಟಿದ ದಿನ ಅದೇ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದವಳನ್ನು ಸೋದರತ್ತೆಯೇ ಸುದ್ದಗುಂಟೆಪಾಳ್ಯದಲ್ಲಿ ಪತ್ತೆಹಚ್ಚಿ ಕರೆತಂದಿದ್ದರು. ಅಮ್ಮ ಅವಳನ್ನು ನೋಡುತ್ತಲೇ ಇದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ಹೆದರಿಕೆಯೂ ಆಯಿತು, ಸುಳ್ಳೇಕೆ ಹೇಳಲಿ.

ಪೂಜೆ ಮುಗಿಯಿತು. ಅರಿಶಿನ ಬಳಿದ ಮೊರದಲ್ಲಿ ಬಳೆ, ಬಿಚ್ಚೋಲೆ, ಬೇಳೆ, ಬೆಲ್ಲ ತುಂಬಿ, ಇನ್ನೊಂದು ಮೊರ ಮುಚ್ಚಿ ಅಮ್ಮ ಎದ್ದಳು. ಸೋದರತ್ತೆ ಅಡ್ಡ ನಿಂತರು.

"ಇದು ಹೆತ್ತ ಮಗಳಿಗೆ ಸೇರಬೇಕಾದ್ದು. ಇವಳಿಗೆ ತಾಂಬೂಲ ಕೊಟ್ಟು ಕಳಿಸು, ಯಾರು ಬೇಡ ಅಂತಾರೆ?"

ತಾಂಬೂಲ! ಅಕ್ಕಪಕ್ಕದ ಮನೆಯವರಿಗೆ ಕೊಟ್ಟ ಹಾಗೆ! ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಎದ್ದು ಅಮ್ಮನ ಮುಂದೆ ನಿಂತಳು.

"ಆಂಟಿ, ನಂಗೆ ನಮ್ಮಮ್ಮ ಬೆಳಗ್ಗೇನೇ ಬಾಗಿನ ಕೊಟ್ಟಾಯ್ತು. ಇವರು ದಿನಾ ಬಂದು ಪ್ರಾಣ ತಿಂತಿದ್ರು ಅಂತ ಒಂದ್ಸಲ ಬಂದೆ ಅಷ್ಟೇ. ಅಲ್ಲಿ ನಮ್ಮಮ್ಮ, ನಾನು ವಾಪಸ್ ಬರಲ್ವೇನೋ ಅಂತ ಅಳ್ತಾ ಕೂತಿದಾರೆ."

ಅಮ್ಮ ಅವಳ ಕೆನ್ನೆ ಸವರಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಹೋಗಿ ಬಾ ಕಂದ. ನಾನು ಅವರ ಮಗಳನ್ನ ಕಿತ್ಕೊಳ್ಳಲ್ಲ ಅಂತ ಹೇಳು. ನನ್ನ ಮಗಳನ್ನ ಬಿಟ್ಟೂ ಕೊಡಲ್ಲ."

ಮೊರದ ಮೇಲೆ ಸೆರಗು ಹೊದಿಸಿ ನನ್ನತ್ತ ಚಾಚಿದಳು. ಸೋದರತ್ತೆ ಇನ್ನೂ ಅಲ್ಲಾಡಿರಲಿಲ್ಲ.

"ಸ್ವಲ್ಪ ಸರೀತೀರಾ ಅತ್ತಿಗೆ? ನನ್ನ ಮಗಳು ಬೆಳಗ್ಗೆಯಿಂದ ಉಪವಾಸ ಇದಾಳೆ."

ಅವರು ಸರಿದರು. ಮೊರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಯಾರು ಬಂದು ಬಿಡಿಸುತ್ತಾರೋ ಬಿಡಿಸಲಿ, ನಾನೂ ನೋಡೇ ಬಿಡುತ್ತೇನೆ!